ವಾರಕ್ಕೊಮ್ಮೆ ಫೈರ್ ಪಂಪ್ ಓಡಿಸಿ ನೋಡುವುದು ಹೇಗೆ?

ಫೆಬ್ರವರಿ ಬಂತೆಂದರೆ ಕೊಡಗಿನ ರೋಬಸ್ಟಾ ತೋಟಗಳಲ್ಲಿ ಡೀಸೆಲ್ ಎಂಜಿನ್‌ಗಳದ್ದೇ ಸದ್ದು. ಹೂವಿಗೆ ನೀರು ಹಾಯಿಸುವ ಹೊತ್ತಿಗೆ ಎಂಜಿನ್ ಕೈಕೊಟ್ಟರೆ ಬೆಳೆಗೇ ಪೆಟ್ಟು. ಹಾಗಾಗಿ ಬೆಳೆಗಾರರು ಮೊದಲೇ ಆಯಿಲ್ ನೋಡಿ, ಓಡಿಸಿ ಇಟ್ಟಿರುತ್ತಾರೆ. ಅದೇ ಜನ ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಲಾಡ್ಜ್ ಕಟ್ಟಿಸಿದರೆ, ಕೆಳಗಿನ ಫೈರ್ ಪಂಪಿನ, ಅಂದರೆ ಬೆಂಕಿ ಆರಿಸಲು ಕಟ್ಟಡದ ಪೈಪುಗಳಿಗೆ ನೀರು ಒತ್ತುವ ಪಂಪಿನ, ಕಡೆ ತಲೆ ಹಾಕುವುದು ಕಡಿಮೆ. ಪಂಪ್ ರೂಮಿನಲ್ಲಿ ಹಳೆಯ ಹಾಸಿಗೆ, ಪೇಂಟ್ ಡಬ್ಬ!

ಇಲ್ಲಿ ಈ ಪಂಪಿನ ಮೇಲೆ ಭಾರ ಜಾಸ್ತಿ. ರಸ್ತೆಗಳು ಕಿರಿದು, ಏರು ಬೇರೆ. ದಸರಾದ ದಶಮಂಟಪದ ರಾತ್ರಿ ಮಡಿಕೇರಿ ಪೇಟೆಯೊಳಗೆ ಅಗ್ನಿಶಾಮಕ ವಾಹನ ನುಗ್ಗುವುದು ಸುಲಭವಲ್ಲ. ವಾಹನ ಬರುವ ತನಕ ಕಟ್ಟಡದ ಸ್ವಂತ ನೀರೇ ಗತಿ. ಬೆಂಕಿಗಿಂತ ಹೊಗೆ ಇನ್ನೂ ಬೇಗ ಹಬ್ಬುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಅಲ್ಲಿಯೂ ಜನರನ್ನು ಕಂಗೆಡಿಸಿದ್ದು ಹೊಗೆಯೇ. ಮಹಡಿ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿಟ್ಟು ಪಂಪ್ ಮಾತ್ರ ಚೆನ್ನಾಗಿದ್ದರೆ ಏನು ಬಂತು?

ಒಳಗೆ ಸಾಮಾನ್ಯವಾಗಿ ಮೂರು ಪಂಪ್ ಇರುತ್ತವೆ. ಚಿಕ್ಕದು ಜಾಕಿ ಪಂಪ್. ಪೈಪಿನಲ್ಲಿ ಸಣ್ಣಪುಟ್ಟ ಸೋರಿಕೆಯಾಗಿ ಒತ್ತಡ ಇಳಿದರೆ ಅದು ಸರಿಮಾಡುತ್ತದೆ. ಯಾರಾದರೂ ಹೈಡ್ರೆಂಟ್ (ಹೋಸ್ ಜೋಡಿಸುವ ನಲ್ಲಿ) ತೆರೆದರೆ, ಅಥವಾ ಬಿಸಿಗೆ ಚಾವಣಿಯಿಂದ ನೀರು ಚಿಮ್ಮುವ ಸ್ಪ್ರಿಂಕ್ಲರಿನ ಗಾಜು ಒಡೆದರೆ, ಒತ್ತಡ ಜಾಸ್ತಿ ಇಳಿಯುತ್ತದೆ. ಕೆಂಪು ಗಾಜಿನದಾದರೆ ಅದು ಒಡೆಯುವುದು 68 ಡಿಗ್ರಿಗೆ. ಆಗ ದೊಡ್ಡ ವಿದ್ಯುತ್ ಪಂಪ್ ತಾನಾಗಿ ಶುರುವಾಗಬೇಕು. ಅದೂ ಕೈಕೊಟ್ಟರೆ ಡೀಸೆಲ್ ಪಂಪ್. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಊರಿನಲ್ಲಿ ಈ ಮೂರನೆಯದನ್ನು ‘ಸುಮ್ನೆ ಇರಲಿ’ ಎಂದು ಇಟ್ಟುಕೊಳ್ಳುವಂತಿಲ್ಲ.

ಈಗ ಪರೀಕ್ಷೆ. ಮೊದಲು ಕಟ್ಟಡದವರಿಗೆಲ್ಲ ಹೇಳಿ. ಸೈರನ್ ಕೇಳಿ ಅತಿಥಿಗಳು ಓಡಬಾರದು ನೋಡಿ.

ನಂತರ ಸಂಪ್ ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಬೇಸಿಗೆಯಲ್ಲಿ ನೀರಿಗೆ ತೊಂದರೆಯಾದಾಗ ಬೆಂಕಿಗೆಂದು ಇಟ್ಟ ನೀರನ್ನೇ ಸ್ನಾನಕ್ಕೆ ಬಳಸುವ ಲಾಡ್ಜ್‌ಗಳಿವೆ. ಸಂಪ್ ಪಂಪಿಗಿಂತ ಕೆಳಗಿದ್ದರೆ ಇನ್ನೊಂದು ತೊಡಕು: ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಡಿಮೆ. ಕರಾವಳಿಯಲ್ಲಿ ಪಂಪ್ ಎಳೆಯುವ ಆಳಕ್ಕಿಂತ ಇಲ್ಲಿ ಒಂದು ಮೀಟರಿಗೂ ಹೆಚ್ಚು ಕಡಿಮೆ. ಎಳೆಯುವ ಪೈಪಿನ ತುದಿಯಲ್ಲಿ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಸೋರಿ ಪಂಪಿನ ನೀರು ಇಳಿದುಹೋಗಿದ್ದರೆ ಎಳೆಯುವುದೇ ಇಲ್ಲ. ಹೊಸದಾಗಿ ಕಟ್ಟುವವರು ಪಂಪನ್ನು ಸಂಪಿನ ನೀರಿಗಿಂತ ಕೆಳಗೇ ಕೂರಿಸಲಿ.

ವಾಲ್ವ್‌ಗಳೆಲ್ಲ ತೆರೆದಿವೆಯೇ, ಪ್ಯಾನೆಲ್‌ನ ಸ್ವಿಚ್ ‘ಆಟೋ’ದಲ್ಲಿದೆಯೇ ಎಂದು ನೋಡಿ. ಟೆಸ್ಟ್ ಲೈನಿನ (ಪರೀಕ್ಷೆಗೆಂದು ನೀರನ್ನು ಸಂಪಿಗೆ ವಾಪಸ್ ಬಿಡುವ ಪೈಪಿನ) ವಾಲ್ವನ್ನು ನಿಧಾನ ತಿರುಗಿಸಿ, ಗೇಜ್ ಮೇಲೆ ಕಣ್ಣಿಡಿ. ಉದಾಹರಣೆಗೆ, ಒತ್ತಡ ಚದರ ಸೆಂಟಿಮೀಟರಿಗೆ 7 ಕೆ.ಜಿ. ಇದ್ದರೆ 6ಕ್ಕೆ ಜಾಕಿ, 5ಕ್ಕೆ ದೊಡ್ಡ ಪಂಪ್, 4ಕ್ಕೆ ಡೀಸೆಲ್ ಶುರುವಾಗುವಂತೆ ಇಟ್ಟಿರಬಹುದು. ನಿಮ್ಮ ಪ್ಯಾನೆಲ್‌ನ ಅಂಕಿಗಳನ್ನು ಗೋಡೆಗೆ ಬರೆದಿಡಿ. ಗುಂಡಿ ಒತ್ತಿ ಪಂಪ್ ಓಡಿಸಿದರೆ ಪರೀಕ್ಷೆಯಾಗಲಿಲ್ಲ. ಒತ್ತಡ ಇಳಿದಾಗ ಅದು ತಾನಾಗಿ ಏಳಬೇಕು, ಆದರೆ (ಜಾಕಿ ಬಿಟ್ಟು) ತಾನಾಗಿ ನಿಲ್ಲಬಾರದು. ನಿಲ್ಲಿಸುವುದು ಮನುಷ್ಯನ ಕೆಲಸ.

ವಿದ್ಯುತ್ ಪಂಪ್ 10 ನಿಮಿಷ ಓಡಲಿ. ಆಮೇಲೆ ಅದನ್ನು ಆಫ್ ಮಾಡಿಟ್ಟು, ಒತ್ತಡ ಇನ್ನೂ ಇಳಿಸಿ, ಡೀಸೆಲ್ ಏಳುತ್ತದೆಯೇ ನೋಡಿ. ಇದು ಅರ್ಧ ಗಂಟೆ ಓಡಬೇಕು. ಎಂಜಿನ್ ಪೂರ್ತಿ ಬಿಸಿಯಾದರೆ ಮಾತ್ರ ತೊಂದರೆ ಹೊರಬೀಳುತ್ತದೆ. ಅಷ್ಟು ಹೊತ್ತೂ ಟೆಸ್ಟ್ ಲೈನಿನಲ್ಲಿ ನೀರು ಸಂಪಿಗೆ ವಾಪಸ್ ಹರಿಯುತ್ತಿರಲಿ, ಇಲ್ಲದಿದ್ದರೆ ಪಂಪಿನೊಳಗಿನ ನೀರು ಕಾಯುತ್ತದೆ. ಪಂಪಿನ ಶಾಫ್ಟ್ ಹೊರಬರುವ ಕಡೆಯ ಗ್ಲ್ಯಾಂಡಿನಿಂದ ಹನಿ ಹನಿ ನೀರು ಬೀಳುವುದು ಸರಿಯೇ; ಬಿಗಿ ಮಾಡಿ ನಿಲ್ಲಿಸಬೇಡಿ. ಎಂಜಿನ್ ಏಳದಿದ್ದರೆ ಮೊದಲ ಅನುಮಾನ ಬ್ಯಾಟರಿ ಮೇಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಟರ್ಮಿನಲ್ ತುಕ್ಕು ಹಿಡಿಯುತ್ತದೆ, ಪ್ಯಾನೆಲ್ ಒಳಗೆ ಇರುವೆ ಗೂಡು ಕಟ್ಟುತ್ತದೆ.

ಇನ್ನೊಂದು ವಿಷಯ ಎಲೆಕ್ಟ್ರಿಷಿಯನ್‌ಗೆ ಇವತ್ತೇ ಕೇಳಿ. ಬೆಂಕಿ ಬಿದ್ದಾಗ ಮೇನ್ ಸ್ವಿಚ್ ತೆಗೆಯುತ್ತೇವೆ, ಅಲ್ವಾ? ಪಂಪಿಗೆ ಪ್ರತ್ಯೇಕ ಲೈನ್ ಇಲ್ಲದಿದ್ದರೆ ಪಂಪೂ ನಿಂತಿತು! ಹಾಗೆಂದು ಕರೆಂಟ್ ಇರುವ ಪ್ಯಾನೆಲ್ ಮೇಲೆ ಹೋಸ್ ಹಿಡಿಯಬೇಡಿ. ಅಡುಗೆಮನೆಯ ಎಣ್ಣೆ ಬೆಂಕಿಗೂ ನೀರು ಬೇಡ.

ಹೊರಗೆ, ಅಗ್ನಿಶಾಮಕದವರು ತಮ್ಮ ನೀರನ್ನು ನಿಮ್ಮ ಪೈಪಿಗೆ ಕೊಡುವ ಜಾಗದ ಮುಂದೆ ಪ್ರವಾಸಿಗರ ಕಾರು ನಿಲ್ಲಿಸಲು ಬಿಡಬೇಡಿ. ನಿಜವಾಗಿ ಬೆಂಕಿ ಬಿದ್ದರೆ ಪಂಪ್ ನೋಡುತ್ತಾ ನಿಲ್ಲದೆ ಮೊದಲು 112ಕ್ಕೆ ಅಥವಾ 101ಕ್ಕೆ ಕರೆ ಮಾಡಿ.

ಪರೀಕ್ಷೆ ಮುಗಿದ ಮೇಲೆ ಟೆಸ್ಟ್ ವಾಲ್ವ್ ಮುಚ್ಚಿ, ಡೀಸೆಲ್ ತುಂಬಿಸಿ, ಎಲ್ಲ ಸ್ವಿಚ್‌ಗಳನ್ನೂ ‘ಆಟೋ’ಗೆ ತನ್ನಿ. ಮರೆಯುವುದು ಇಲ್ಲೇ. ಆದ್ದರಿಂದ ಪಂಪ್ ಓಡಿಸಿದವರು ಬಿಟ್ಟು ಬೇರೊಬ್ಬರು ಸ್ವಿಚ್ ನೋಡಿ ರಿಜಿಸ್ಟರಿಗೆ ಸಹಿ ಹಾಕಲಿ. ರೂಮಿನ ಒಂದು ಕೀಲಿ ರಾತ್ರಿ ಪಾಳಿಯವರ ಹತ್ತಿರವೂ ಇರಲಿ.