ಎರಡು ಗಾಂಧಾರದ ನಡುವಿನ ಕೂದಲೆಳೆ ಕೇಳೋದು ಹೇಗೆ?

ಗಾಂಧಾರ (ಗ ಸ್ವರ) ಎರಡು ಲೆಕ್ಕದಲ್ಲಿ ಸಿಗುತ್ತದೆ, ಅವೆರಡರ ನಡುವಿನ ಚೂರು ಅಂತರವೇ ಸಿಂಟೋನಿಕ್ ಕಾಮಾ. ಅಂದರೆ 81:80, ಸುಮಾರು 21.5 ಸೆಂಟ್ (ಪೇಟಿಯ, ಅಂದರೆ ಹಾರ್ಮೋನಿಯಂನ, ಅಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್). ಓದಿದರೆ ತಲೆಗೆ ಹತ್ತಲ್ಲ, ಕೇಳಬೇಕು.

ಎರಡು ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. ಷಡ್ಜ 240 ಹರ್ಟ್ಸ್ ಅಂತ ಹಿಡಿಯಿರಿ. ಒಂದೂವರೆ ಪಟ್ಟು ಮಾಡಿದರೆ ಪಂಚಮ 360, ಮತ್ತೆ ಒಂದೂವರೆ ಪಟ್ಟು ಮಾಡಿ ಅರ್ಧಕ್ಕಿಳಿಸಿದರೆ ರಿಷಭ 270, ಹಾಗೇ ಹೋದರೆ ಧೈವತ 405, ಕೊನೆಗೆ ಗಾಂಧಾರ 303.75. ಆದರೆ ತಂಬೂರಿಯ ಖರಜ (ಕೆಳಗಿನ ಷಡ್ಜದ) ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ 5:4, ಅಂದರೆ ಸರಿಯಾಗಿ 300.

ಒಂದು ಫೋನಿನಲ್ಲಿ 300, ಇನ್ನೊಂದರಲ್ಲಿ 303.75 ಒಟ್ಟಿಗೆ ನುಡಿಸಿ. ಸೆಕೆಂಡಿಗೆ ಹೆಚ್ಚುಕಡಿಮೆ ನಾಲ್ಕು ಸಲ ವಂವ್ ವಂವ್ ಅಂತ ದನಿ ಏರಿಳಿಯುತ್ತದೆ. ಅದೇ ಕಾಮಾ. (ಗಂಗಾವತಿಯಲ್ಲಿ ನಮ್ಮ ಮನೆ ಹಿಂದೆಯೇ ರೈಸ್ ಮಿಲ್, ಅದು ನಿಲ್ಲೋವರೆಗೂ ನನಗೆ ಏನೂ ಕೇಳಿಸಲಿಲ್ಲ. ರಾತ್ರಿ ಮಾಡಿ.)

ಆಮೇಲೆ ಆ್ಯಪ್‌ನಲ್ಲಿ ಸೈನ್ (ನುಣುಪು ಅಲೆ) ಬಿಟ್ಟು ಸಾಟೂತ್ (ಗರಗಸದ ಹಲ್ಲಿನಂಥ) ಅಲೆ ಆರಿಸಿ, 240ರ ಜೊತೆ ಒಂದೊಂದೇ ಗಾಂಧಾರ ಕೇಳಿ. 300 ತಣ್ಣಗೆ ಕೂರುತ್ತದೆ, 303.75 ಗರಗರ ಅನ್ನುತ್ತದೆ ಅಲ್ವಾ? ಪೇಟಿಯ ಗಾಂಧಾರ ಸುಮಾರು 302.4, ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಭೂಪ್ ರಾಗ ಹಾಡುವಾಗ ಪೇಟಿ ಪಕ್ಕಕ್ಕಿಟ್ಟು ತಂಬೂರಿಗೆ ಕಿವಿ ಕೊಡಿ.