ಆರು ಮೀಟರ್ ಕಡಿಮೆ: ಸಿಗ್ನಲ್ ಬದಲಿಸಲು ಒಪ್ಪಿಗೆ ತಂದ ನನ್ನ ಅನುಭವ

ರೈಲ್ವೆ ಸ್ಟೇಷನ್ ಹೆಸರು ಬೇಡ. ಸಿಗ್ನಲ್ ನಡೆಸುವ ಹಳೇ ರಿಲೇ ಪ್ಯಾನಲ್ ತೆಗೆದು, ಹಳಿ ಸರಿಯಾಗಿ ಕೂತಿದ್ದರಷ್ಟೇ ಸಿಗ್ನಲ್ ಕೊಡುವ ಎಲೆಕ್ಟ್ರಾನಿಕ್ ಇಂಟರ್‌ಲಾಕಿಂಗ್ ಹಾಕುವುದು, ಜೊತೆಗೆ ಒಂದು ಲೂಪ್ ಲೈನ್ (ಮೇನ್ ಲೈನ್ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಹಳಿ) ಉದ್ದ ಮಾಡುವುದು, ಇಷ್ಟೇ ಕೆಲಸ. ನಾನು ಆಗ ಸಿಗ್ನಲ್ ವಿಭಾಗದಲ್ಲಿ ಸೀನಿಯರ್ ಸೆಕ್ಷನ್ ಇಂಜಿನಿಯರ್. ಕೇಬಲ್ ಎಳೆಯುವುದೇ ದೊಡ್ಡ ಕೆಲಸ, ಒಪ್ಪಿಗೆ ಅಂದರೆ ಸುಮ್ನೆ ಕಾಗದದ ಓಡಾಟ ಅಂದುಕೊಂಡಿದ್ದೆ.

ಒಪ್ಪಿಗೆ ಕೊಡುವವರು ಕಮಿಷನರ್ ಆಫ್ ರೈಲ್ವೆ ಸೇಫ್ಟಿ, ನಮ್ಮ ಬಾಯಲ್ಲಿ ಸಿಆರ್‌ಎಸ್. ತುಂಬಾ ಜನರಿಗೆ ಗೊತ್ತಿಲ್ಲ, ಇವರು ರೈಲ್ವೆ ಸಚಿವಾಲಯದ ಕೆಳಗೆ ಬರುವುದಿಲ್ಲ, ವಿಮಾನಯಾನ ಸಚಿವಾಲಯದವರು. ಗಾಡಿ ಓಡಿಸುವವರೇ ಗಾಡಿ ಕ್ಷೇಮ ಅಂತ ಸಹಿ ಹಾಕಿಕೊಳ್ಳಬಾರದು, ಅಲ್ವಾ? ದಕ್ಷಿಣ ವೃತ್ತದ ಕಚೇರಿ ಬೆಂಗಳೂರಿನಲ್ಲೇ ಇದೆ.

ಅವರಿಗೆ ಕಳಿಸಿದ ಕಾಗದದ ಕಟ್ಟು ದಪ್ಪಗಿತ್ತು. ಸಿಗ್ನಲ್ ಇಂಟರ್‌ಲಾಕಿಂಗ್ ಪ್ಲಾನ್ ಇತ್ತು. ಯಾವ ಸಿಗ್ನಲ್ ಹಸಿರಾಗಲು ಯಾವ ಪಾಯಿಂಟ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಯಾವ ಕಡೆ ಲಾಕ್ ಆಗಿರಬೇಕು, ಯಾವ ಗೇಟ್ ಮುಚ್ಚಿರಬೇಕು ಅಂತ ಹೇಳುವ ಕಂಟ್ರೋಲ್ ಟೇಬಲ್ ಇತ್ತು. ಆ ಸ್ಟೇಷನ್ನಿನಲ್ಲಿ ಗಾಡಿ ನಡೆಸುವ ನಿಯಮಗಳಿರುವ ಸ್ಟೇಷನ್ ವರ್ಕಿಂಗ್ ರೂಲ್ ಇತ್ತು. ಇಂಟರ್‌ಲಾಕಿಂಗ್ ಇಲ್ಲದ ದಿನಗಳಲ್ಲಿ ಗಾಡಿ ಹೇಗೆ ಓಡಿಸುತ್ತೇವೆ ಅನ್ನುವ ಸುತ್ತೋಲೆಯೂ ಇತ್ತು. ಸಿಗ್ನಲ್, ಆಪರೇಟಿಂಗ್, ಇಂಜಿನಿಯರಿಂಗ್ ಮೂರೂ ಕಡೆಯವರ ಸಹಿ ಆಗಿತ್ತು. ನಾನಂತೂ ನಿರಾಳ.

ಕಟ್ಟು ವಾಪಸ್ ಬಂತು. ಒಂದೇ ಪ್ರಶ್ನೆ: ಗಾಡಿಯನ್ನು ಸ್ಟೇಷನ್ ಒಳಗೆ ಬಿಡುವ ಹೋಮ್ ಸಿಗ್ನಲ್‌ನಿಂದ ಮೊದಲ ಪಾಯಿಂಟ್‌ಗೆ ಇರುವ ದೂರ ಪ್ಲಾನ್‌ನಲ್ಲಿ ಒಂದು, ವರ್ಕಿಂಗ್ ರೂಲ್‌ನಲ್ಲಿ ಇನ್ನೊಂದು, ಯಾವುದು ಸರಿ?

ಸಿಟ್ಟು ಬಂತು. ಟೈಪಿಂಗ್ ತಪ್ಪು, ತಿದ್ದಿ ಕಳಿಸಿದರೆ ಆಯಿತು ಅಂದೆ. ನಮ್ಮ ಮೇಲಿನವರು ಮಾತ್ರ, "ತಿದ್ದೋದು ಸರಿ ಕಣಯ್ಯ, ಯಾವುದನ್ನ ತಿದ್ದುತ್ತೀಯ?" ಅಂದರು. ಉತ್ತರ ಇರಲಿಲ್ಲ. ಮಾರನೇ ದಿನ ಟೇಪ್ ಹಿಡಿದು ಹೋದೆ. 174 ಮೀಟರ್! ಎರಡು ಕಾಗದವೂ ತಪ್ಪು.

ನಮ್ಮಲ್ಲಿ ಬಣ್ಣದ ದೀಪದ ಸಿಗ್ನಲ್ ಇರುವ ಕಡೆ ಹೋಮ್ ಸಿಗ್ನಲ್ ದಾಟಿ 180 ಮೀಟರ್ ಖಾಲಿ ಇರಬೇಕು, ಅದು ಬ್ಲಾಕ್ ಓವರ್‌ಲ್ಯಾಪ್. ಡ್ರೈವರ್ ಸ್ವಲ್ಪ ಮುಂದೆ ಬಂದುಬಿಟ್ಟರೂ ಏನೂ ಆಗದಿರಲಿ ಅಂತ ಇಟ್ಟ ಜಾಗ. ಲೂಪ್ ಉದ್ದ ಮಾಡಲು ಟ್ರ್ಯಾಕ್‌ನವರು ಪಾಯಿಂಟನ್ನು ಹೊರಗೆ ತಳ್ಳಿದ್ದರು, ಹಾಕುವಾಗ ಪ್ಲಾನ್‌ಗಿಂತ ಒಂಚೂರು ಜಾಸ್ತಿಯೇ ತಳ್ಳಿದ್ದರು. ಸಿಗ್ನಲ್ ಕಂಬ ಮಾತ್ರ ಇದ್ದಲ್ಲೇ ಇತ್ತು. ವರ್ಕಿಂಗ್ ರೂಲ್‌ನಲ್ಲಿದ್ದದ್ದು ಹಳೇ ಕಾಲದ ಅಂಕಿ, ಯಾರೋ ಹಾಗೇ ಎತ್ತಿ ಬರೆದಿದ್ದರು. ಆ 'ಯಾರೋ' ನಾನೇ.

ಆರು ಮೀಟರ್ ತಾನೇ, ವಿನಾಯಿತಿ ಕೇಳೋಣ ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ ಅಂದೆವು. ಕಂಬ ಹಿಂದಕ್ಕೆ ಹೋಯಿತು, ಕೇಬಲ್ ಉದ್ದವಾಯಿತು, ಪ್ಲಾನ್‌ಗೆ ಹೊಸ ಆಲ್ಟರೇಷನ್ ನಂಬರ್ ಬಿತ್ತು. ಸಿಗ್ನಲ್ ಜಾಗ ಬದಲಾದ ಮೇಲೆ, ದೀಪ ದೂರದಿಂದ ಸರಿಯಾಗಿ ಕಾಣುತ್ತದೆಯೇ ಅಂತ ನೋಡುವ ಸೈಟಿಂಗ್ ಕಮಿಟಿ ಮತ್ತೆ ಇಂಜಿನ್ ಹತ್ತಿ ನೋಡಬೇಕು. ನೋಡಿದರೆ, ಒಂದು ಹೊಂಗೆ ಮರದ ಕೊಂಬೆ ದೀಪಕ್ಕೆ ಅಡ್ಡ. ಕೊಂಬೆ ಕಡಿಯುವುದಕ್ಕೆ ಹಿಡಿದ ಕಾಗದ ಕಂಬ ನೆಡುವುದಕ್ಕೆ ಹಿಡಿದದ್ದಕ್ಕಿಂತ ಜಾಸ್ತಿ, ಅದು ಬೇರೆ ಕತೆ.

ಟೆಸ್ಟಿಂಗ್‌ನಲ್ಲಿ ಹಸಿರು ಬರುತ್ತದೆಯೇ ಅಂತ ನೋಡುವುದು ಸುಲಭದ ಪಾಲು. ಬರಬಾರದ ಕಡೆ ಬರುವುದಿಲ್ಲ ಅಂತ ತೋರಿಸುವುದೇ ಕಷ್ಟ. ಒಂದು ರೂಟ್, ಅಂದರೆ ಗಾಡಿ ಹೋಗುವ ದಾರಿ, ಹಾಕಿ, ಅದಕ್ಕೆ ಎದುರಾಗುವ ಪ್ರತಿಯೊಂದು ರೂಟನ್ನೂ ಒತ್ತಿ ನೋಡಬೇಕು. ಆಮೇಲೆ ಕರೆಸ್ಪಾಂಡೆನ್ಸ್ ಟೆಸ್ಟ್: ಪರದೆ ಮೇಲೆ ಪಾಯಿಂಟ್ ಲೂಪ್ ಕಡೆ ಅಂತ ತೋರಿಸಿದಾಗ ನೆಲದ ಮೇಲೆ ನಿಂತವನು ಫೋನಿನಲ್ಲಿ "ಲೂಪ್ ಕಡೆನೇ ಬಿದ್ದಿದೆ ಸಾರ್" ಅನ್ನಬೇಕು. ರಾತ್ರಿ ಎರಡು ಗಂಟೆಗೆ ಜೂನಿಯರ್ ಹುಡುಗ, "ಸಾರ್, ಇದನ್ನ ಆಗಲೇ ನೋಡಿದ್ವಲ್ಲ" ಅಂದ. ಅವನಿಗೆ ಹೊಸದುರ್ಗ ರೋಡ್ ಸ್ಟೇಷನ್ ನೆನಪಿಸಿದೆ. 2023ರ ಫೆಬ್ರವರಿ 8ರಂದು ಅಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಸಿಗ್ನಲ್ ಒಂದು ಕಡೆ, ಪಾಯಿಂಟ್ ಇನ್ನೊಂದು ಕಡೆ. ಲೋಕೋ ಪೈಲಟ್ ಕಣ್ಣಿಗೆ ಬಿದ್ದು ಗಾಡಿ ನಿಲ್ಲಿಸಿದ್ದರಿಂದ ಬಚಾವು. ನಾಲ್ಕು ತಿಂಗಳೊಳಗೆ, ಜೂನ್ 2ರಂದು, ಒಡಿಶಾದ ಬಹಾನಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನ್ ಹಸಿರು ಸಿಕ್ಕಿ, ಗಾಡಿ ಗೂಡ್ಸ್ ನಿಂತಿದ್ದ ಲೂಪ್‌ಗೆ ನುಗ್ಗಿತು. 290ಕ್ಕೂ ಹೆಚ್ಚು ಜನ ಹೋದರು. ತನಿಖೆಯಲ್ಲಿ ಸಿಕ್ಕಿದ್ದು ಸರ್ಕ್ಯೂಟ್ ಬದಲಿಸುವ ಕೆಲಸದಲ್ಲಿ ಆದ ತಪ್ಪು, ಅಂದರೆ ನಾವು ಆ ರಾತ್ರಿ ಮಾಡುತ್ತಿದ್ದಂಥದ್ದೇ ಕೆಲಸ. ಹುಡುಗ ಮತ್ತೆ ಪಾಯಿಂಟ್ ಕಡೆ ನಡೆದ.

ಒಪ್ಪಿಗೆ ಷರತ್ತುಗಳ ಜೊತೆ ಬಂತು. ಟೆಸ್ಟ್ ಆದ ಸಾಫ್ಟ್‌ವೇರ್‌ನ ಚೆಕ್‌ಸಮ್, ಅಂದರೆ ಅದರ ಗುರುತಿನ ಅಂಕಿ, ಬರೆದಿಟ್ಟೆವು, ಮುಂದೆ ಯಾರಾದರೂ ಲಾಜಿಕ್ ಮುಟ್ಟಿದರೆ ಅದು ಬದಲಾಗಿ ಗೊತ್ತಾಗುತ್ತದೆ. ಕೊನೆಯ ದಿನ, ಸಿಗ್ನಲ್ ಮತ್ತೆ ಬಳಕೆಗೆ ಕೊಟ್ಟಿದ್ದೇವೆ ಅನ್ನುವ ರೀಕನೆಕ್ಷನ್ ಮೆಮೊಗೆ ಸಹಿ ಹಾಕಿ ರಿಲೇ ರೂಮಿಗೆ ಎರಡು ಬೀಗ ಜಡಿದೆವು. ಒಂದರ ಕೀ ನಮ್ಮದು, ಇನ್ನೊಂದರದ್ದು ಸ್ಟೇಷನ್ ಮಾಸ್ಟರ್‌ದು. ಅವರು ಕೀ ಜೇಬಿಗೆ ಇಳಿಸಿ, "ಈಗೆಷ್ಟು ಮೀಟರ್ ಇದೆ ಸರ್?" ಅಂದರು.

"183. ನಾನೇ ಅಳೆದದ್ದು" ಅಂದೆ.