ಬಾವಿಯ ಅಂಕಿಗಳಿಗೆ ವೃತ್ತದ ರೂಪ: ಬಾಗೇಪಲ್ಲಿ ಸೀಮೆಯ ನೀರಿನ ನಕ್ಷೆ ಮಾಡಿದ ಬಗೆ

ಕುಡಿಯುವ ನೀರಿನ ಫ್ಲೋರೈಡ್ ನಕ್ಷೆ ಎಂದೊಡನೆ ಎಲ್ಲರೂ ನಿರೀಕ್ಷಿಸುವುದು ಕೆಂಪು, ಹಳದಿ, ಹಸಿರು ಬಣ್ಣಗಳು ಒಂದಕ್ಕೊಂದು ಬೆರೆತು ತಾಲ್ಲೂಕನ್ನೆಲ್ಲ ಮುಚ್ಚಿದ ಚಿತ್ರವನ್ನು. ಬೆರಳೆಣಿಕೆಯ ಬಾವಿಗಳ ಅಂಕಿ ಕೊಟ್ಟರೂ ಸಾಕು, ನಡುವಿನ ಜಾಗವನ್ನೆಲ್ಲ ಕಂಪ್ಯೂಟರೇ ಲೆಕ್ಕ ಹಾಕಿ ತುಂಬಿಕೊಡುತ್ತದೆ. ನೋಡಲು ಚೆಂದ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಂತಹ ಗಟ್ಟಿ ಕಲ್ಲಿನ ಸೀಮೆಗೆ ಅಂಥ ನಕ್ಷೆಯನ್ನು ನಾನು ಮಾಡುವುದಿಲ್ಲ. ಇಲ್ಲಿ ನೀರಿರುವುದು ಗ್ರಾನೈಟ್ ಮತ್ತು ಗ್ನೈಸ್ ಕಲ್ಲಿನ ಬಿರುಕುಗಳಲ್ಲಿ. ಒಂದೇ ಹೊಲದ ಎರಡು ಮೂಲೆಗಳ ಕೊಳವೆಬಾವಿಗಳು ಬೇರೆ ಬೇರೆ ಬಿರುಕುಗಳಿಂದ ನೀರೆತ್ತುತ್ತಿರುತ್ತವೆ. ಒಂದು ಇನ್ನೂರು ಅಡಿಯದ್ದು, ಇನ್ನೊಂದು ಸಾವಿರ ಅಡಿ ದಾಟಿದ್ದು. ಅವೆರಡರ ನಡುವೆ ನೀರಿನ ಗುಣ ಮೆಲ್ಲಗೆ, ಏರುಪೇರಿಲ್ಲದೆ ಬದಲಾಗುತ್ತದೆ ಎಂದು ಬಣ್ಣ ಬಳಿಯಲು ಯಾವ ಆಧಾರವೂ ಇಲ್ಲ. ಹಸಿರು ಬಣ್ಣ ಬಿದ್ದ ಊರಿನವರು ತಮ್ಮ ನೀರನ್ನು ಯಾರೂ ಪರೀಕ್ಷಿಸದಿದ್ದರೂ ನಿಶ್ಚಿಂತೆಯಿಂದ ಕುಡಿಯುತ್ತಾರೆ. ನನಗೆ ಸಹಿಸಲಾಗದ್ದು ಇದೇ.

ಹಾಗಾಗಿ ನಾನು ನೆಚ್ಚಿಕೊಂಡಿರುವುದು ಎರಡು ಹಳೆಯ ಉಪಾಯಗಳನ್ನು: ಅಳತೆಗೆ ತಕ್ಕ ಗಾತ್ರದ ವೃತ್ತಗಳ ಬಬಲ್ ನಕ್ಷೆ ಮತ್ತು ವೃತ್ತವನ್ನೇ ಪಾಲು ಮಾಡಿ ತೋರಿಸುವ ಪೈ ಚಾರ್ಟ್ ನಕ್ಷೆ. ಐರ್ಲೆಂಡಿನ ರೈಲ್ವೆ ಆಯೋಗಕ್ಕಾಗಿ 1837ರಲ್ಲಿ ಹೆನ್ರಿ ಡ್ರೂರಿ ಹಾರ್ನೆಸ್ ಊರುಗಳ ಜನಸಂಖ್ಯೆಯನ್ನು ವೃತ್ತಗಳಲ್ಲಿ ತೋರಿಸಿದ್ದ. 1858ರಲ್ಲಿ ಚಾರ್ಲ್ಸ್ ಜೋಸೆಫ್ ಮಿನಾರ್, ಫ್ರಾನ್ಸಿನ ಯಾವ ಭಾಗದಿಂದ ಪ್ಯಾರಿಸ್ಸಿಗೆ ಎಷ್ಟು ಮಾಂಸ ಬರುತ್ತದೆ ಎಂಬುದನ್ನು ನಕ್ಷೆಯ ಮೇಲೆ ಪೈಗಳನ್ನಿಟ್ಟು ಬಿಡಿಸಿದ. ವೃತ್ತ ಇರುವ ಕಡೆ ಅಳತೆ ಇದೆ, ಖಾಲಿ ಬಿಟ್ಟ ಕಡೆ ಅಳತೆ ಇಲ್ಲ. ನಕ್ಷೆಯಲ್ಲಿ ಇಷ್ಟು ಪ್ರಾಮಾಣಿಕತೆ ಇದ್ದರೆ ಉಳಿದದ್ದು ಕಸುಬಿನ ಮಾತು.

ನನ್ನ ಕೈಗೆ ಬಂದದ್ದು ಬಾಗೇಪಲ್ಲಿ, ಗುಡಿಬಂಡೆ ಮತ್ತು ಚಿಂತಾಮಣಿ ಕಡೆಯ ಗ್ರಾಮ ಪಂಚಾಯಿತಿಗಳ ಕುಡಿಯುವ ನೀರಿನ ಕೊಳವೆಬಾವಿಗಳ ಪಟ್ಟಿ: ಊರು, ಆಳ, ಇಳುವರಿ, ಪ್ರಯೋಗಾಲಯದ ವರದಿ. ಹೆಚ್ಚು ಹೊತ್ತು ತಿಂದದ್ದು ಅದನ್ನು ಹಸನು ಮಾಡುವ ಕೆಲಸ. ಹಳೆಯ ಎಕ್ಸೆಲ್ ಕಡತಗಳಲ್ಲಿ ಊರ ಹೆಸರುಗಳು ಯೂನಿಕೋಡ್ ಅಲ್ಲದ ನುಡಿ ಅಕ್ಷರಶೈಲಿಯಲ್ಲಿದ್ದವು. ಅವನ್ನು ಹಾಗೆಯೇ ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯೂಜಿಐಎಸ್‌ಗೆ ಹಾಕಿದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲು ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಹೆಸರನ್ನು ನಂಬಿ ಎರಡು ಪಟ್ಟಿಗಳನ್ನು ಜೋಡಿಸಲೂ ಬಾರದು. ನಮ್ಮಲ್ಲಿ ಹೊಸಹಳ್ಳಿ, ಗೊಲ್ಲಹಳ್ಳಿಗಳಿಗೆ ಬರವಿಲ್ಲ. ಪ್ರತಿ ಕೊಳವೆಬಾವಿಗೂ ಒಂದು ಸಂಖ್ಯೆ ಕೊಟ್ಟು, ಗ್ರಾಮದ ಸರ್ಕಾರಿ ಸಂಕೇತವನ್ನು ಪಕ್ಕದಲ್ಲಿಟ್ಟುಕೊಂಡೇ ಮುಂದುವರಿದೆ.

ಅಕ್ಷಾಂಶ, ರೇಖಾಂಶಗಳನ್ನು ಪರಿಶೀಲಿಸುವುದಕ್ಕೆ ಈ ಸೀಮೆಯಲ್ಲಿ ಒಂದು ಸುಲಭದ ಗುರುತಿದೆ. ಅಕ್ಷಾಂಶ 13ರಿಂದ, ರೇಖಾಂಶ 77 ಅಥವಾ 78ರಿಂದ ಶುರುವಾಗಬೇಕು. ಎರಡು ಅದಲುಬದಲಾಗಿದ್ದರೆ ಬಾವಿ ಆರ್ಕ್‌ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಸಮುದ್ರಕ್ಕೆ ಬಿದ್ದಿರುತ್ತದೆ, ತಕ್ಷಣ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಬರೆದದ್ದನ್ನು ದಶಮಾಂಶವೆಂದು ಓದಿಕೊಂಡಾಗ. 13 ಡಿಗ್ರಿ 45 ನಿಮಿಷ ಎಂದರೆ 13.75, ಅದನ್ನು 13.45 ಎಂದುಕೊಂಡರೆ ಬಾವಿ ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಬೇರೊಂದು ತಾಲ್ಲೂಕಿನಲ್ಲಿ ಕುಳಿತಿರುತ್ತದೆ. ಇನ್ನೊಂದು ಮಾತು: ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯ ಎರಡು ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ಇದೇ ಭಾಗದಲ್ಲಿ ಹಾದುಹೋಗುತ್ತದೆ. ಬಾಗೇಪಲ್ಲಿ 43ನೇ ವಲಯದಲ್ಲಿ, ಚಿಂತಾಮಣಿ 44ರಲ್ಲಿ. ಆದ್ದರಿಂದ ಮೀಟರಿನ ಗೊಡವೆಗೆ ಹೋಗದೆ ಎಲ್ಲವನ್ನೂ ದಶಮಾಂಶ ಡಿಗ್ರಿಯಲ್ಲೇ ಇಟ್ಟುಕೊಂಡೆ.

ಮೊದಲ ನಕ್ಷೆ ಫ್ಲೋರೈಡಿನದು. ಭಾರತೀಯ ಮಾನಕ ಬ್ಯೂರೋದ 2012ರ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ. ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈಗ ಒಂದು ಬಾವಿಯಲ್ಲಿ 0.5, ಇನ್ನೊಂದರಲ್ಲಿ 4.5 ಇದೆ ಎನ್ನೋಣ. ಒಂಬತ್ತು ಪಟ್ಟು. ವ್ಯಾಸವನ್ನೂ ಒಂಬತ್ತು ಪಟ್ಟು ಮಾಡಿದರೆ ದೊಡ್ಡ ವೃತ್ತ ಚಿಕ್ಕದರ ಎಂಬತ್ತೊಂದರಷ್ಟು ಕಾಗದವನ್ನು ಆಕ್ರಮಿಸುತ್ತದೆ. ಕಣ್ಣು ಅಳೆಯುವುದೋ ಹರವನ್ನು. ಹಾಗಾಗಿ ವಿಸ್ತೀರ್ಣ ಒಂಬತ್ತು ಪಟ್ಟಾಗಬೇಕು, ವ್ಯಾಸ ಮೂರೇ ಪಟ್ಟು. ಕ್ಯೂಜಿಐಎಸ್‌ನಲ್ಲಿ ಚಿಹ್ನೆಯ ಗಾತ್ರದ ಪಕ್ಕದ ಸೈಜ್ ಅಸಿಸ್ಟೆಂಟ್ ತೆರೆದು ಫ್ಲೋರೈಡ್ ಕಾಲಮ್ಮನ್ನು ತೋರಿಸಿದರೆ ಯಾವ ವಿಧಾನದಲ್ಲಿ ಅಳತೆ ಹಾಕಲಿ ಎಂದು ಅದು ಕೇಳುತ್ತದೆ. ಅಲ್ಲಿ ತ್ರಿಜ್ಯವನ್ನು ಬಿಟ್ಟು ವಿಸ್ತೀರ್ಣವನ್ನು ಆರಿಸಬೇಕು. ಕೆಳಗಿನ ಮಿತಿಯ ಮೌಲ್ಯವನ್ನೂ ಗಾತ್ರವನ್ನೂ ಸೊನ್ನೆಯಿಂದಲೇ ಶುರುಮಾಡಬೇಕು. ಪಟ್ಟಿಯ ಕನಿಷ್ಠ ಅಂಕಿಯಿಂದ ಶುರುವಾದರೆ ಅನುಪಾತವೇ ಕೆಡುತ್ತದೆ.

ಅದೇ ಪಟ್ಟಿಯಲ್ಲಿ ಫ್ಲ್ಯಾನರಿ ಎಂಬ ಇನ್ನೊಂದು ವಿಧಾನವೂ ಇದೆ. ದೊಡ್ಡ ವೃತ್ತಗಳನ್ನು ಜನ ಇರುವುದಕ್ಕಿಂತ ಚಿಕ್ಕದಾಗಿ ಅಂದಾಜಿಸುತ್ತಾರೆ ಎಂದು ಜೇಮ್ಸ್ ಫ್ಲ್ಯಾನರಿ ಪ್ರಯೋಗಗಳಿಂದ ಕಂಡುಕೊಂಡಿದ್ದರು. ಅದನ್ನು ಸರಿದೂಗಿಸಲು ವರ್ಗಮೂಲದ 0.5 ಘಾತದ ಬದಲು ಸುಮಾರು 0.57 ಬಳಸಿ ದೊಡ್ಡ ವೃತ್ತಗಳನ್ನು ತುಸು ಹಿಗ್ಗಿಸುತ್ತಾರೆ. ನಾನು ಅದನ್ನು ಬಳಸಲಿಲ್ಲ. ನನ್ನ ನಕ್ಷೆಯ ಮೇಲೆ ಪಂಚಾಯಿತಿಯವರು ಅಡಿಪಟ್ಟಿ ಇಟ್ಟು ಅಳೆದರೂ ಲೆಕ್ಕ ಹೊಂದಬೇಕು ಎಂಬುದು ನನ್ನ ಹಟ. ಅಂದಾಜಿನ ತೊಂದರೆಗೆ ಸರಿಯಾದ ಸೂಚಿಯೇ ಪರಿಹಾರ: ನಕ್ಷೆಯ ಮೂಲೆಯಲ್ಲಿ ಒಂದರೊಳಗೊಂದು ಕೂತ ಮೂರು ವೃತ್ತಗಳು, 1, 1.5 ಮತ್ತು 3 ಮಿಲಿಗ್ರಾಂನವು. ತಂತ್ರಾಂಶ ತಾನಾಗಿ ಆರಿಸುವ ದುಂಡು ಅಂಕಿಗಳನ್ನು ತೆಗೆದು ಮಾನದಂಡದ ಅಂಕಿಗಳನ್ನೇ ಹಾಕಬೇಕು, ಏಕೆಂದರೆ ಓದುವವರಿಗೆ ಬೇಕಾಗಿರುವುದು ತಮ್ಮೂರ ವೃತ್ತ ಆ ಗೆರೆಯ ಒಳಗಿದೆಯೋ ಹೊರಗಿದೆಯೋ ಎಂಬುದು.

ಇಳುವರಿಯ ನಕ್ಷೆ ಮಾಡುವವರಿಗೆ ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಕೊರೆಯುವವರು ನೀರನ್ನು ಇಂಚಿನಲ್ಲಿ ಹೇಳುತ್ತಾರೆ: ಒಂದು ಇಂಚು, ಎರಡು ಇಂಚು, ಅದೃಷ್ಟವಿದ್ದರೆ ಮೂರು. ಅದು ಇಂಗ್ಲಿಷಿನ ವಿ ಆಕಾರದಲ್ಲಿ, 90 ಡಿಗ್ರಿ ಕೋನಕ್ಕೆ ಕತ್ತರಿಸಿದ ಕಂಡಿಯಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತದೆ ಎಂಬುದರ ಅಳತೆ. ಹರಿವು ಆ ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಇಂಚೆಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚೆಂದರೆ ಸಾವಿರವಲ್ಲ, 2,900ರ ಸುಮಾರು. ಮೂರು ಇಂಚು 8,000ಕ್ಕೆ ಹತ್ತಿರ. ಇಂಚನ್ನೇ ನೇರವಾಗಿ ವೃತ್ತದ ಗಾತ್ರಕ್ಕೆ ಕೊಟ್ಟರೆ ಒಳ್ಳೆಯ ಬಾವಿ ಬಡವಾಗಿಯೂ ಬಡ ಬಾವಿ ಒಳ್ಳೆಯದಾಗಿಯೂ ಕಾಣುತ್ತದೆ. ಮೊದಲು ಲೀಟರಿಗೆ ಪರಿವರ್ತಿಸಿ, ಆಮೇಲೆ ವೃತ್ತ. ನೀರೇ ಬಾರದ ಬಾವಿಗಳನ್ನು ಪಟ್ಟಿಯಿಂದ ಅಳಿಸಬೇಡಿ. ಸೊನ್ನೆಗೆ ವೃತ್ತವಿಲ್ಲ ನಿಜ, ಆದರೆ ಅಲ್ಲಿ ಒಂದು ಕುಟುಂಬದ ಸಾಲ ಹೂತುಹೋಗಿದೆ. ಅವಕ್ಕೆ ಸಣ್ಣ ಅಡ್ಡಗೀಟಿನ ಗುರುತು ಹಾಕುತ್ತೇನೆ. ಪಕ್ಕದ ಹೊಲದಲ್ಲಿ ಕೊರೆಯುವ ಪಾಯಿಂಟ್ ಗುರುತಿಸುವವರಿಗೆ ದೊಡ್ಡ ವೃತ್ತಗಳಿಗಿಂತ ಆ ಗೀಟುಗಳೇ ಹೆಚ್ಚು ಹೇಳುತ್ತವೆ.

ಕೆರೆಯಂಗಳಗಳಲ್ಲಿ ಬಾವಿಗಳು ಒತ್ತೊತ್ತಾಗಿರುತ್ತವೆ, ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ. ದೊಡ್ಡದನ್ನು ಮೊದಲು, ಚಿಕ್ಕದನ್ನು ಅದರ ಮೇಲೆ ಬಿಡಿಸುವಂತೆ ಕ್ರಮ ಕೊಟ್ಟು, ಅಂಚಿಗೆ ತೆಳು ಬಿಳಿ ಗೆರೆ ಎಳೆದರೆ ಬಹುಪಾಲು ಬಗೆಹರಿಯುತ್ತದೆ. ಆಗಲೂ ಗಿಜಿಗುಟ್ಟುವ ಜಾಗಕ್ಕೆ ಪಕ್ಕದಲ್ಲಿ ದೊಡ್ಡದು ಮಾಡಿದ ಉಪನಕ್ಷೆ ಇಟ್ಟೆ.

ಬಬಲ್ ನಕ್ಷೆ ಎಷ್ಟು ಎಂಬುದನ್ನು ಹೇಳಿತು. ಏಕೆ ಎಂಬುದಕ್ಕೆ ಪೈ ಬೇಕಾಯಿತು. ಫ್ಲೋರೈಡನ್ನೇ ಪೈಯ ಒಂದು ಹೋಳಾಗಿ ತೋರಿಸಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಹಾಗೆ ಮಾಡಿದರೆ ಅದು ಕಣ್ಣಿಗೇ ಬೀಳುವುದಿಲ್ಲ. ಆರೋಗ್ಯ ಕೆಡಿಸುವಷ್ಟು, ಅಂದರೆ ಲೀಟರಿಗೆ 2.5 ಮಿಲಿಗ್ರಾಂ ಇದ್ದರೂ ನೀರಿನ ಒಟ್ಟು ಲವಣಾಂಶದಲ್ಲಿ ಅದು ಕೂದಲೆಳೆಯಷ್ಟು. ಪೈಯೊಳಗೆ ಇರಬೇಕಾದದ್ದು ಅದನ್ನು ನೀರಿಗೆ ಬಿಡುವ ಪರಿಸ್ಥಿತಿ: ಧನ ಅಯಾನುಗಳಾದ (ಅಂದರೆ ಧನ ವಿದ್ಯುದಂಶ ಹೊತ್ತ ಕಣಗಳಾದ) ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಒಂದು ಕಡೆ, ಋಣ ಅಯಾನುಗಳಾದ ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್, ನೈಟ್ರೇಟ್ ಇನ್ನೊಂದು ಕಡೆ.

ಪ್ರಯೋಗಾಲಯದ ಮಿಲಿಗ್ರಾಂಗಳನ್ನು ಹಾಗೆಯೇ ಪೈಗೆ ಸುರಿಯಬಾರದು. ಪ್ರತಿಯೊಂದನ್ನೂ ಅದರ ಸಮಾನ ತೂಕದಿಂದ ಭಾಗಿಸಿ, ತೂಕದ ಬದಲು ವಿದ್ಯುದಂಶವನ್ನು ಎಣಿಸುವ ಮಾನವಾದ ಮಿಲಿ ಈಕ್ವಿವಲೆಂಟ್‌ಗೆ ತರಬೇಕು: ಕ್ಯಾಲ್ಸಿಯಂಗೆ 20.04, ಮೆಗ್ನೀಸಿಯಂಗೆ 12.15, ಸೋಡಿಯಂಗೆ 22.99, ಬೈಕಾರ್ಬೊನೇಟಿಗೆ 61.02, ಕ್ಲೋರೈಡಿಗೆ 35.45, ಸಲ್ಫೇಟಿಗೆ 48.03, ನೈಟ್ರೇಟಿಗೆ 62. ವ್ಯತ್ಯಾಸ ಎಷ್ಟೆಂದು ನೋಡಿ. ಕ್ಯಾಲ್ಸಿಯಂ 24, ಮೆಗ್ನೀಸಿಯಂ 18, ಸೋಡಿಯಂ 138 ಮಿಲಿಗ್ರಾಂ ಇರುವ ನೀರಿನಲ್ಲಿ ಮೆಗ್ನೀಸಿಯಂ ಕ್ಯಾಲ್ಸಿಯಂಗಿಂತ ಕಡಿಮೆ ಎನಿಸುತ್ತದೆ. ಭಾಗಿಸಿದರೆ ಕ್ರಮವಾಗಿ 1.2, 1.5 ಮತ್ತು 6, ಮೆಗ್ನೀಸಿಯಂ ಮುಂದಾಯಿತು. ಈ ಲೆಕ್ಕದಿಂದ ಇನ್ನೊಂದು ಲಾಭವಿದೆ. ನೀರಿನಲ್ಲಿ ಧನ ಅಯಾನುಗಳ ಮೊತ್ತವೂ ಋಣ ಅಯಾನುಗಳ ಮೊತ್ತವೂ ಸಮನಾಗಿರಲೇಬೇಕು. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿದಾಗ ಶೇಕಡಾ 5ರೊಳಗೆ ಬಂದರೆ ವರದಿಯನ್ನು ನಂಬುತ್ತೇನೆ. ಬಹಳ ಮೀರಿದರೆ ಆ ಬಾವಿಯ ಮಾದರಿಯನ್ನು ಮತ್ತೆ ತರಿಸುತ್ತೇನೆ, ಅಲ್ಲಿಯವರೆಗೆ ಅದಕ್ಕೆ ಪೈ ಇಲ್ಲ. ಎರಡು ಮೊತ್ತಗಳೂ ಸಮನಾದ್ದರಿಂದ ಪೈಯ ಬಲ ಅರ್ಧ ಧನ ಅಯಾನುಗಳಿಗೆ, ಎಡ ಅರ್ಧ ಋಣ ಅಯಾನುಗಳಿಗೆ ತಾನಾಗಿಯೇ ಹಂಚಿಕೆಯಾಗುತ್ತದೆ. ಎಲ್ಲ ಪೈಗಳೂ ಹನ್ನೆರಡು ಗಂಟೆಯ ದಿಕ್ಕಿನಿಂದ ಶುರುವಾಗಿ ಒಂದೇ ಕ್ರಮದಲ್ಲಿ ಸಾಗಿದರೆ ನಕ್ಷೆಯನ್ನು ಒಂದೇ ನೋಟದಲ್ಲಿ ಓದಬಹುದು.

ಕ್ಯೂಜಿಐಎಸ್‌ನ ಡಯಾಗ್ರಾಮ್ಸ್ ವಿಭಾಗದಲ್ಲಿ ಪೈ ಚಾರ್ಟ್ ಆರಿಸಿ, ಭಾಗಿಸಿದ ಕಾಲಮ್ಮುಗಳನ್ನು ಸೇರಿಸಿ, ಪೈಯ ಗಾತ್ರವನ್ನು ಒಟ್ಟು ಕರಗಿದ ಲವಣಾಂಶಕ್ಕೆ, ವಿಸ್ತೀರ್ಣದ ಲೆಕ್ಕದಲ್ಲಿ, ಕಟ್ಟಿದೆ. ಅಲ್ಲೇ ಎಲ್ಲ ಡಯಾಗ್ರಾಮ್‌ಗಳನ್ನೂ ತೋರಿಸು ಎಂಬ ಆಯ್ಕೆಯನ್ನು ಮರೆಯದೆ ಒತ್ತಬೇಕು. ಇಲ್ಲವಾದರೆ ಒಂದಕ್ಕೊಂದು ತಾಗುವ ಪೈಗಳನ್ನು ತಂತ್ರಾಂಶ ಹೇಳದೆ ಕೇಳದೆ ಕೈಬಿಡುತ್ತದೆ, ನಕ್ಷೆಯಲ್ಲಿ ಬಾವಿಯೇ ಇಲ್ಲವೆಂಬಂತೆ ಕಾಣುತ್ತದೆ.

ಎರಡು ನಕ್ಷೆಗಳನ್ನು ಒಂದೇ ಅಳತೆಯಲ್ಲಿ ಅಕ್ಕಪಕ್ಕ ಇಟ್ಟಾಗ ಕಂಡದ್ದನ್ನು ಈಗಲೂ ಸಂಭ್ರಮದಿಂದ ಹೇಳುತ್ತೇನೆ. ಫ್ಲೋರೈಡಿನ ವೃತ್ತ ದೊಡ್ಡದಿರುವ ಕಡೆ ಪೈಯಲ್ಲಿ ಸೋಡಿಯಂ ಮತ್ತು ಬೈಕಾರ್ಬೊನೇಟಿನ ಹೋಳು ಅಗಲ, ಕ್ಯಾಲ್ಸಿಯಂನದು ಸಣ್ಣ ಸೀಳು. ರಸಾಯನಶಾಸ್ತ್ರ ಹೇಳುವುದೂ ಇದನ್ನೇ. ಗ್ರಾನೈಟಿನಲ್ಲಿರುವ ಫ್ಲೋರೈಟ್, ಬಯೋಟೈಟ್, ಅಪಟೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಟ್ ಹೆಚ್ಚು ಕರಗದು. ಕಲ್ಲಿನ ಸಂದಿನಲ್ಲಿ ನೀರು ಬಹುಕಾಲ ನಿಂತಾಗ ಕ್ಯಾಲ್ಸಿಯಂ ಸುಣ್ಣವಾಗಿ ಕೆಳಗಿಳಿಯುತ್ತದೆ, ಜೇಡಿ ಖನಿಜಗಳು ಅದನ್ನು ಹಿಡಿದಿಟ್ಟುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ; ಆಗ ಫ್ಲೋರೈಡಿಗೆ ತಡೆ ಇಲ್ಲವಾಗುತ್ತದೆ. ಈ ಮಾದರಿಗೆ ಹೊಂದದ ಪೈಗಳೂ ಇದ್ದವು: ನೈಟ್ರೇಟ್ ಮತ್ತು ಕ್ಲೋರೈಡಿನ ಹೋಳು ಉಬ್ಬಿದ, ಫ್ಲೋರೈಡ್ ಕಡಿಮೆಯಿರುವ ಬಾವಿಗಳು. ಹೋಗಿ ನೋಡಿದರೆ ಅವು ಊರೊಳಗೆ, ತಿಪ್ಪೆ, ಕೊಟ್ಟಿಗೆ, ಚರಂಡಿಗಳ ಪಕ್ಕದಲ್ಲಿದ್ದವು. ನೈಟ್ರೇಟಿನ ಮಿತಿ 45 ಮಿಲಿಗ್ರಾಂ, ಅದಕ್ಕೆ ವಿನಾಯಿತಿಯೇ ಇಲ್ಲ. ಬಬಲ್ ನಕ್ಷೆಯೊಂದನ್ನೇ ನೋಡಿದ್ದರೆ ಆ ಬಾವಿಗಳನ್ನು ಕುಡಿಯಲು ಯೋಗ್ಯ ಎಂದು ಬಿಡುತ್ತಿದ್ದರು.

ಪಂಚಾಯಿತಿಯಲ್ಲಿ ನಕ್ಷೆ ಹರಡಿದಾಗ ನೀರುಗಂಟಿಯೊಬ್ಬರು ದೊಡ್ಡ ವೃತ್ತದ ಮೇಲೆ ಬೆರಳಿಟ್ಟು, "ಇಲ್ಲಿ ನೀರು ಜಾಸ್ತಿ ಇದೆಯಾ ಸಾರ್?" ಎಂದು ಕೇಳಿದರು. ಸಹಜವಾದ ಪ್ರಶ್ನೆ. ಬಾವಿಯ ವಿಷಯದಲ್ಲಿ ದೊಡ್ಡದು ಎಂದರೆ ನಮ್ಮ ಜನರಿಗೆ ಒಳ್ಳೆಯದೇ. ಅಂದಿನಿಂದ ಶೀರ್ಷಿಕೆಯ ಕೆಳಗೇ ದಪ್ಪಕ್ಷರದಲ್ಲಿ "ವೃತ್ತ ದೊಡ್ಡದಾದಷ್ಟೂ ಫ್ಲೋರೈಡ್ ಹೆಚ್ಚು" ಎಂದು ಬರೆಯುತ್ತೇನೆ. 1.5 ಮೀರಿದ ವೃತ್ತಗಳಿಗೆ ಗಾಢ ಕಂದು, 1ರಿಂದ 1.5ರವರೆಗೆ ತಿಳಿಗಂದು, 1ರ ಒಳಗೆ ನೀಲಿ. ಇಳುವರಿಯ ನಕ್ಷೆ ಎಂದಿಗೂ ಅದೇ ಹಾಳೆಯಲ್ಲಿ ಇರುವುದಿಲ್ಲ.

ಆಮೇಲಿನ ಮಾತುಕತೆಯನ್ನು ಅವರೇ ಮುಂದುವರಿಸಿದರು. ಯಾವ ಬಾವಿಯ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಬಿಡುವುದು, ಯಾವುದನ್ನು ದನಕರುಗಳ ತೊಟ್ಟಿಗೆ ಮೀಸಲಿಡುವುದು, ಶುದ್ಧ ಕುಡಿಯುವ ನೀರಿನ ಘಟಕ ಯಾವ ಊರಿಗೆ ಮೊದಲು ಬೇಕು, ಹೀಗೆ. ಕಾಯಿಸಿ ಕುಡಿದರೆ ಸಾಲದೇ ಎಂದು ಒಬ್ಬ ತಾಯಿ ಕೇಳಿದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ ಎಂದು ಹೇಳಿದೆ.

ಈಗ ಮುಂಗಾರಿಗೆ ಮುನ್ನ ಮತ್ತು ಮುಂಗಾರಿನ ನಂತರ ಎರಡು ಸುತ್ತು ಮಾದರಿ ತೆಗೆಸುತ್ತಿದ್ದೇವೆ. ಎರಡೂ ಸುತ್ತಿನ ನಕ್ಷೆಗಳಿಗೆ ಗಾತ್ರದ ಅಳತೆ ಒಂದೇ ಇರಬೇಕು. ಪ್ರತಿ ಬಾರಿಯೂ ಗರಿಷ್ಠ ಮೌಲ್ಯವನ್ನು ತಂತ್ರಾಂಶಕ್ಕೆ ಬಿಟ್ಟರೆ ಕಡಿಮೆಯಾದ ಫ್ಲೋರೈಡೂ ಮೊದಲಿನಷ್ಟೇ ದೊಡ್ಡದಾಗಿ ಕಾಣುತ್ತದೆ. ಅದಕ್ಕಾಗಿ ಗರಿಷ್ಠವನ್ನು ಕೈಯಾರೆ 5 ಮಿಲಿಗ್ರಾಂಗೆ ನಿಲ್ಲಿಸಿ, ಮಾದರಿ ತೆಗೆದ ತಿಂಗಳನ್ನು ನಕ್ಷೆಯ ಮೇಲೆಯೇ ಅಚ್ಚು ಹಾಕಿಸಿ, ಅಂಕಿಗಳ ಪೂರ್ತಿ ಪಟ್ಟಿಯನ್ನು ಹಾಳೆಯ ಹಿಂಬದಿಯಲ್ಲಿ ಮುದ್ರಿಸಿ ಪಂಚಾಯಿತಿಗೆ ಕೊಡುತ್ತೇನೆ.